ಡೌನ್ ಸಿಂಡ್ರೋಮ್: ಜಗತ್ತಿನ ಮಾಹಿತಿ ಸಿಂಧನೂರಿಗೆ ಬಂದು ಮುಟ್ಟುವುದು ಹೇಗೆ?

ನಮ್ಮ ಅಣ್ಣನ ಮಗಳಿಗೆ ಈಗ ಒಂಬತ್ತು ವರ್ಷ. ಮನೆಯಲ್ಲಿ ಪುಟ್ಟಿ ಅಂತ ಕರೆಯುತ್ತೇವೆ, ಇಲ್ಲೂ ಹಾಗೇ ಕರೆಯುತ್ತೇನೆ. ಅವಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ನಮಗೆ ಸಿಕ್ಕಿದ್ದು ಒಂದೇ ಮಾತು: "ಕೂಸು ಸ್ವಲ್ಪ ಸ್ಲೋ ಇರ್ತೈತಿ, ನೋಡ್ಕೋರಿ." ಅಷ್ಟೇ. ಹೆಸರು ಹೇಳಲಿಲ್ಲ, ಚೀಟಿ ಬರೆದುಕೊಡಲಿಲ್ಲ, ಮುಂದೆ ಎಲ್ಲಿಗೆ ಹೋಗಬೇಕು ಅಂತಲೂ ತಿಳಿಸಲಿಲ್ಲ. ಏಳನೇ ತಿಂಗಳಲ್ಲಿ ಕೆಮ್ಮು, ದಮ್ಮು ಜಾಸ್ತಿಯಾಗಿ ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಪುಟ್ಟಿಯ ಅಂಗೈ ಬಿಡಿಸಿ, ಈ ಕಡೆಯಿಂದ ಆ ಕಡೆಗೆ ಒಂದೇ ಗೆರೆ ಹೋಗಿದ್ದನ್ನು ತೋರಿಸಿದರು. ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಇದ್ದ ಅಗಲ ಸಂದು ತೋರಿಸಿದರು. ಆಮೇಲೆ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. "ಇದಕ್ಕ ಡೌನ್ ಸಿಂಡ್ರೋಮ್ ಅಂತಾರ. ಇನ್ನೂ ಎಕೋ ಮಾಡ್ಸಿಲ್ಲೇನು?" ಅಂದರು. ಅತ್ತಿಗೆ ನನ್ನ ಮುಖ ನೋಡಿದರು. ಎಕೋ ಅಂದರೆ ಹೃದಯದ ಸ್ಕ್ಯಾನ್ ಅಂತ ಆಗ ನನಗೂ ಗೊತ್ತಿರಲಿಲ್ಲ.

ಹೃದಯದಲ್ಲಿ ಸಣ್ಣ ತೂತು ಇತ್ತು. ಎರಡು ವರ್ಷದೊಳಗೆ ತಾನಾಗಿಯೇ ಮುಚ್ಚಿಕೊಂಡಿತು. ಅದೇ ತೂತು ದೊಡ್ಡದಾಗಿದ್ದರೆ ಸುಮ್ನೆ ಕಳೆದ ಆ ಏಳು ತಿಂಗಳಿಗೆ ಏನು ಬೆಲೆ ಕಟ್ಟಬೇಕಾಗುತ್ತಿತ್ತು ಅಂತ ಆಮೇಲೆ ಓದಿ ತಿಳಿದಾಗ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಅವತ್ತಿನಿಂದ ಓದುತ್ತಲೇ ಇದ್ದೇನೆ. ಡೌನ್ ಸಿಂಡ್ರೋಮ್ ಇರುವವರಿಗಾಗಿ ಬೇರೆ ಬೇರೆ ದೇಶಗಳಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳಿವೆ, ತಂದೆತಾಯಿಗೆ ಕೈಪಿಡಿಗಳಿವೆ, ಡಾಕ್ಟರಿಗೆ ಮಾರ್ಗಸೂಚಿಗಳಿವೆ, ಶಿಕ್ಷಕರಿಗೆ ಪಾಠದ ಸಾಮಾನುಗಳಿವೆ. ಬಹುಪಾಲು ಪುಕ್ಕಟೆ, ಫೋನಿನಲ್ಲೇ ಸಿಗುತ್ತವೆ. ಆದರೂ ಸಿಂಧನೂರು, ಮಸ್ಕಿ, ಕುಷ್ಟಗಿ, ಸಿರುಗುಪ್ಪದ ಮನೆಗಳಿಗೆ ಅವು ಮುಟ್ಟುವುದಿಲ್ಲ. ಇಂಗ್ಲಿಷ್ ಒಂದೇ ಅಡ್ಡಿ ಅಂತ ಮೊದಲು ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಅದರಲ್ಲಿ ಕೆಲವು ಇಲ್ಲಿಗೆ ಹಾಗೇ ಬಂದು ಕೂಡುತ್ತವೆ, ಕೆಲವು ಎಷ್ಟು ಅನುವಾದ ಮಾಡಿದರೂ ಕೂಡುವುದಿಲ್ಲ. ಯಾವುದು ಯಾವುದು ಅಂತ ಬಿಡಿಸಿ ನೋಡಿದರೆ ಮಾತ್ರ ನಮಗೆ ಉಪಯೋಗ.

ಮೊದಲು ಇದು ಏನು ಅನ್ನುವುದು. ನಮ್ಮ ದೇಹದ ಜೀವಕೋಶಗಳಲ್ಲಿ ತಂದೆತಾಯಿಯ ಗುಣಗಳನ್ನು ಹೊತ್ತು ತರುವ ಎಳೆಗಳು, ಅಂದರೆ ಕ್ರೋಮೋಸೋಮ್, 23 ಜೋಡಿ, ಒಟ್ಟು 46 ಇರುತ್ತವೆ. ಈ ಮಕ್ಕಳಲ್ಲಿ 21ನೆಯದು ಎರಡರ ಬದಲು ಮೂರು ಇರುತ್ತದೆ. 1866ರಲ್ಲಿ ಜಾನ್ ಲ್ಯಾಂಗ್ಡನ್ ಡೌನ್ ಎಂಬ ಇಂಗ್ಲಿಷ್ ಡಾಕ್ಟರು ಲಕ್ಷಣಗಳನ್ನು ಬರೆದಿಟ್ಟರು, ಅದಕ್ಕೇ ಆ ಹೆಸರು. ಕಾರಣ ಗೊತ್ತಾಗಿದ್ದು 1959ರಲ್ಲಿ, ಫ್ರಾನ್ಸ್‌ನಲ್ಲಿ. ವಿಶ್ವಸಂಸ್ಥೆ ಹೇಳುವ ಲೆಕ್ಕದಲ್ಲಿ ಜಗತ್ತಿನಲ್ಲಿ ಹುಟ್ಟುವ ಸುಮಾರು 1000 ಮಕ್ಕಳಲ್ಲಿ ಒಂದು ಮಗು ಹೀಗಿರುತ್ತದೆ.

ನೂರರಲ್ಲಿ ಸುಮಾರು 95 ಮಕ್ಕಳಲ್ಲಿ ಇದು ಆಗುವುದು ಆಕಸ್ಮಿಕ. ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ ಜೋಡಿ ಬೇರೆಯಾಗದೆ ಉಳಿದುಬಿಡುತ್ತದೆ. ತಾಯಿಯ ವಯಸ್ಸು ಹೆಚ್ಚಿದಂತೆ ಸಾಧ್ಯತೆಯೂ ಹೆಚ್ಚುತ್ತದೆ, ಆದರೆ ಎಳೆ ವಯಸ್ಸಿನ ತಾಯಂದಿರಿಗೇ ಹೆರಿಗೆ ಜಾಸ್ತಿಯಾದ್ದರಿಂದ ಈ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವುದು ಅವರಿಗೇ. ಮೂರ್ನಾಲ್ಕು ಶೇಕಡ ಮಕ್ಕಳಲ್ಲಿ ಮಾತ್ರ 21ನೆಯ ಕ್ರೋಮೋಸೋಮಿನ ತುಂಡು ಬೇರೊಂದಕ್ಕೆ ಅಂಟಿಕೊಂಡಿರುತ್ತದೆ. ಅದು ಕೆಲವೊಮ್ಮೆ ತಾಯಿ ಅಥವಾ ತಂದೆಯಿಂದ ಬಂದಿರಬಹುದು, ಮುಂದಿನ ಮಗುವಿಗೂ ಬರಬಹುದು. ಅದಕ್ಕೇ ರಕ್ತ ತೆಗೆದು ಕ್ರೋಮೋಸೋಮ್ ನೋಡುವ ಕ್ಯಾರಿಯೋಟೈಪ್ ಪರೀಕ್ಷೆ ಒಂದು ಸಲವಾದರೂ ಆಗಲೇಬೇಕು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ನಮ್ಮ ಕಡೆ ಸೋದರಮಾವನಿಗೆ ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ಇನ್ನೂ ನಡೆದಿದೆ. ಪುಟ್ಟಿ ಹುಟ್ಟಿದಾಗ "ಒಳಗಿಂದೊಳಗ ಮಾಡ್ಕೊಂಡ್ರ ಹಿಂಗಾಗ್ತೈತಿ" ಅಂತ ಹೇಳಿದವರು ಎಷ್ಟು ಜನ! ಅತ್ತಿಗೆ ನಮಗೆ ಸಂಬಂಧದಲ್ಲೇ ಇಲ್ಲ, ಅವರ ತವರು ಯಲಬುರ್ಗಾ ಕಡೆ. ಆಗ ಮಾತು ಗ್ರಹಣಕ್ಕೆ ತಿರುಗಿತು. ಗ್ರಹಣದಲ್ಲಿ ಹೊರಗೆ ಬಂದಿದ್ದಳು, ಏನೋ ಹೆಚ್ಚಿದಳು, ಏನೋ ತಿಂದಳು. ಅವ್ವ ಕೂಡ ಮೂರು ತಿಂಗಳು ಅತ್ತಿಗೆಯ ಜೊತೆ ನೆಟ್ಟಗೆ ಮಾತಾಡಲಿಲ್ಲ. ಒಳಸಂಬಂಧದಿಂದ ಬೇರೆ ಕೆಲವು ಕಾಯಿಲೆಗಳು ಹೆಚ್ಚುವುದು ನಿಜ. ಆದರೆ ಡೌನ್ ಸಿಂಡ್ರೋಮಿಗೆ ಅದು ಕಾರಣ ಅಲ್ಲ, ಗ್ರಹಣವಂತೂ ಅಲ್ಲವೇ ಅಲ್ಲ. ಹೊರದೇಶದ ಪ್ರತಿ ಕೈಪಿಡಿಯಲ್ಲೂ ಮೊದಲ ಪುಟದಲ್ಲೇ "ಇದು ನಿಮ್ಮ ತಪ್ಪಲ್ಲ" ಅನ್ನುವ ಅರ್ಥದ ಮಾತು ಇರುತ್ತದೆ. ಬಾಣಂತಿ ಕೋಣೆಯಲ್ಲಿ ಈ ಒಂದು ಸಾಲು ಕನ್ನಡದಲ್ಲಿ, ಡಾಕ್ಟರ ಬಾಯಿಂದ, ಮನೆಯವರೆಲ್ಲರ ಮುಂದೆ ಬಂದಿದ್ದರೆ ಆ ಮೂರು ತಿಂಗಳು ಬೇರೆಯೇ ಆಗಿರುತ್ತಿತ್ತು.

ಈಗ ಸಂಸ್ಥೆಗಳ ವಿಷಯ. ಎಲ್ಲರಿಗೂ ಗೊತ್ತಿರುವುದು ಮಾರ್ಚ್ 21. ಮೂರನೇ ತಿಂಗಳ 21ನೇ ತಾರೀಖು, ಅಂದರೆ 21ನೆಯ ಕ್ರೋಮೋಸೋಮ್ ಮೂರು. 2006ರಿಂದ ನಡೆದುಬಂದ ಈ ದಿನವನ್ನು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2011ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು, 2012ರಿಂದ ಅಧಿಕೃತ. ಮುಂದೆ ನಿಂತು ನಡೆಸುವುದು ಬ್ರಿಟನ್ನಿನಲ್ಲಿರುವ ಡೌನ್ ಸಿಂಡ್ರೋಮ್ ಇಂಟರ್‌ನ್ಯಾಷನಲ್. ಅವತ್ತು ಬೇರೆ ಬೇರೆ ಬಣ್ಣದ, ಜೋಡಿ ಹೊಂದದ ಕಾಲುಚೀಲ ಹಾಕಿಕೊಳ್ಳುತ್ತಾರೆ. ಕ್ರೋಮೋಸೋಮ್ ನೋಡಲು ಕಾಲುಚೀಲದ ಹಾಗೇ ಕಾಣುತ್ತದೆ, ಅದಕ್ಕೆ. 2023ರಲ್ಲಿ ಅವರು ಇಟ್ಟುಕೊಂಡ ವಿಷಯ 'ನಮಗಾಗಿ ಅಲ್ಲ, ನಮ್ಮ ಜೊತೆ' ಎಂಬುದು, 2025ರಲ್ಲಿ 'ನಮಗಿರುವ ಬೆಂಬಲದ ವ್ಯವಸ್ಥೆ ಸುಧಾರಿಸಿ' ಎಂಬುದು. ಶಾಲೆಯಲ್ಲಿ ಮಕ್ಕಳಿಗೆ ತಿಳಿಸಲು ಈ ದಿನ ಒಳ್ಳೆಯದು. ನಾನೂ ಪುಟ್ಟಿಯ ಶಾಲೆಯಲ್ಲಿ ಮಾತಾಡಿದ್ದೇನೆ. ಆದರೆ ಒಂದು ತಿಂಗಳ ಕೂಸಿಗೆ ಬೇಕಾಗಿರುವುದು ಬೇರೆ.

ಅದು ಸಿಗುವುದು ಆರೋಗ್ಯ ತಪಾಸಣೆಯ ಪಟ್ಟಿಯಲ್ಲಿ. ಅಮೆರಿಕದ ಮಕ್ಕಳ ತಜ್ಞರ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಡೌನ್ ಸಿಂಡ್ರೋಮ್ ಇರುವ ಮಗುವಿಗೆ ಯಾವ ವಯಸ್ಸಿನಲ್ಲಿ ಯಾವ ಪರೀಕ್ಷೆ ಆಗಬೇಕು ಅಂತ ಒಂದು ಮಾರ್ಗಸೂಚಿ ಮಾಡಿದೆ. 2011ರದನ್ನು ತಿದ್ದಿ 2022ರಲ್ಲಿ ಹೊಸದಾಗಿ ಹೊರತಂದಿತು. ಇಡೀ ಜಗತ್ತಿನ ಸಾಮಗ್ರಿಯಲ್ಲಿ ಒಂದನ್ನೇ ಆರಿಸು ಅಂದರೆ ನಾನು ಆರಿಸುವುದು ಇದನ್ನೇ.

ಯಾಕೆ ಅಂದರೆ, ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಎದೆಯಲ್ಲಿ ಸದ್ದು ಕೇಳಿಸಲಿ ಬಿಡಲಿ, ಮಗು ಮೇಲೆ ನೋಡಲು ಚೆನ್ನಾಗಿರಲಿ ಬಿಡಲಿ, ಹುಟ್ಟಿದ ಕೂಡಲೇ ಎಕೋ ಆಗಬೇಕು ಅನ್ನುತ್ತದೆ ಆ ಪಟ್ಟಿ. ದೊಡ್ಡ ತೂತು ಇದ್ದರೆ ಶ್ವಾಸಕೋಶಕ್ಕೆ ರಕ್ತ ಒತ್ತಿ ಒತ್ತಿ ಹೋಗಿ ಅಲ್ಲಿನ ನಾಳಗಳು ಗಟ್ಟಿಯಾಗುತ್ತಾ ಬರುತ್ತವೆ, ಈ ಮಕ್ಕಳಲ್ಲಿ ಅದು ಬೇಗ ಆಗುತ್ತದೆ, ಒಂದು ಹಂತ ದಾಟಿದರೆ ಆಪರೇಷನ್ ಮಾಡಲು ಬರುವುದಿಲ್ಲ. ಅದಕ್ಕೇ ಬಹಳಷ್ಟು ಮಕ್ಕಳಿಗೆ ಮೊದಲ ಆರು ತಿಂಗಳ ಸುಮಾರಿಗೆ ಆಪರೇಷನ್ ಮಾಡುತ್ತಾರೆ. ಅಮೆರಿಕದಲ್ಲಿ 1983ರ ಹೊತ್ತಿಗೆ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು ಸುಮಾರು 25 ವರ್ಷ ಇತ್ತು, ಈಗ 60ರ ಹತ್ತಿರ. ಇದಕ್ಕೆ ದೊಡ್ಡ ಕಾರಣ ಸರಿಯಾದ ಹೊತ್ತಿಗೆ ಆದ ಹೃದಯದ ಆಪರೇಷನ್ನುಗಳು.

ಥೈರಾಯ್ಡ್ ಇನ್ನೊಂದು. ಹುಟ್ಟಿದಾಗ, ಆರು ತಿಂಗಳ ಸುಮಾರಿಗೆ, ವರ್ಷ ತುಂಬಿದಾಗ, ಆಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ. ಥೈರಾಯ್ಡ್ ಕಮ್ಮಿಯಾದರೆ ಮಗು ಮಂಕಾಗುತ್ತದೆ, ನಿದ್ದೆ ಜಾಸ್ತಿ, ದಪ್ಪಗಾಗುತ್ತದೆ. "ಇಂಥ ಮಕ್ಕಳು ಇರೋದೇ ಹಾಗೆ" ಅಂತ ಸುಮ್ಮನಿದ್ದುಬಿಡುತ್ತೇವೆ. ದಿನಕ್ಕೊಂದು ಗುಳಿಗೆಯಲ್ಲಿ ಸರಿಹೋಗುವುದು ವರ್ಷಗಟ್ಟಲೆ ಮಗುವನ್ನು ಹಿಂದಕ್ಕೆ ಎಳೆಯುತ್ತದೆ.

ಕಿವಿಯದೂ ಹಾಗೇ. ಈ ಮಕ್ಕಳ ಕಿವಿಯ ಕೊಳವೆ ಕಿರಿದು, ಒಳಗೆ ನೀರು ತುಂಬಿಕೊಂಡು ಅರ್ಧಂಬರ್ಧ ಕೇಳಿಸುತ್ತದೆ. ನಾಲ್ವರಲ್ಲಿ ಮೂವರವರೆಗೂ ಕಿವಿಯ ತೊಂದರೆ ಇರಬಹುದು. ಪುಟ್ಟಿ ಮೂರು ವರ್ಷ ತುಂಬಿದರೂ ಮಾತಾಡದಿದ್ದಾಗ ಎಲ್ಲರೂ ಬುದ್ಧಿಯ ಮೇಲೆ ಹಾಕಿದರು. ಪಟ್ಟಿ ನೋಡಿ ಕಿವಿ ತೋರಿಸಿದೆವು. ಎರಡೂ ಕಿವಿಯಲ್ಲಿ ನೀರು. ಕಣ್ಣಿನ ಪರೀಕ್ಷೆ ಆರು ತಿಂಗಳೊಳಗೆ, ರಕ್ತದ ಕಣಗಳ ಲೆಕ್ಕ ವರ್ಷಕ್ಕೊಮ್ಮೆ. ಕುತ್ತಿಗೆಯ ಮೂಳೆ ಸಡಿಲ ಇರಬಹುದಾದ್ದರಿಂದ ಶಾಲೆಯಲ್ಲಿ ಪಲ್ಟಿ ಹೊಡೆಸುವ ಮುಂಚೆ ಡಾಕ್ಟರನ್ನು ಕೇಳಬೇಕು, ನಡಿಗೆ ಬದಲಾದರೆ, ಕೈಕಾಲು ಸೋತರೆ ತಡ ಮಾಡಬಾರದು.

ಈ ಪಟ್ಟಿ ನಮ್ಮ ಊರಿಗೆ ಹಾಗೇ ಬಂದು ಕೂಡುತ್ತದೆ. ಥೈರಾಯ್ಡ್ ಪರೀಕ್ಷೆ ತಾಲ್ಲೂಕಿನ ಲ್ಯಾಬಿನಲ್ಲೂ ಆಗುತ್ತದೆ, ಎಕೋ ರಾಯಚೂರು, ಬಳ್ಳಾರಿಯಲ್ಲಿ ಆಗುತ್ತದೆ. ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ, ಅಂದರೆ ಆರ್‌ಬಿಎಸ್‌ಕೆಯಲ್ಲಿ, ಹುಟ್ಟಿನಿಂದ ಬರುವ ಒಂಬತ್ತು ದೋಷಗಳ ಹೆಸರು ಬರೆದಿದ್ದಾರೆ. ಅದರಲ್ಲಿ ಡೌನ್ ಸಿಂಡ್ರೋಮ್ ಒಂದು, ಹೃದಯದ ದೋಷ ಇನ್ನೊಂದು. ಆರ್‌ಬಿಎಸ್‌ಕೆ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕು. ಅವರು ಬರೆದುಕೊಟ್ಟರೆ ಮುಂದಿನ ಪರೀಕ್ಷೆ, ಆಪರೇಷನ್ನಿಗೆ ಪುಕ್ಕಟೆ ದಾರಿ ಇದೆ. ಅಮೆರಿಕದ ಪಟ್ಟಿಗೂ ನಮ್ಮ ಅಂಗನವಾಡಿಗೂ ನಡುವೆ ಇರುವುದು ಒಂದು ಹಾಳೆಯಷ್ಟೇ ದೂರ. ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಇಟ್ಟರೆ ಮುಗಿಯಿತು. ಯಾರಾದರೂ ಇದನ್ನು ಮಾಡಲೇಬೇಕು.

ಓದು ಕಲಿಸುವುದು ಎರಡನೆಯದು. 1980ರ ಹೊತ್ತಿಗೆ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿದ್ದ ಸೂ ಬಕ್ಲಿ ಎಂಬ ಮನಶ್ಶಾಸ್ತ್ರಜ್ಞೆಗೆ ಒಬ್ಬ ತಂದೆಯಿಂದ ಪತ್ರ ಬಂತು. ಡೌನ್ ಸಿಂಡ್ರೋಮ್ ಇದ್ದ ತನ್ನ ಮಗಳಿಗೆ ಮೂರು ವರ್ಷಕ್ಕೇ ಕಾರ್ಡಿನ ಮೇಲೆ ಪದ ಬರೆದು ಓದು ಕಲಿಸಿದೆ, ಅದರಿಂದ ಮಾತೂ ಬಂತು ಅಂತ ಆ ತಂದೆ ಬರೆದಿದ್ದರು. ಬಕ್ಲಿ ಅದನ್ನೇ ಹಿಡಿದು ವರ್ಷಾನುಗಟ್ಟಲೆ ಅಧ್ಯಯನ ಮಾಡಿದರು. ಡೌನ್ ಸಿಂಡ್ರೋಮ್ ಎಜುಕೇಷನ್ ಇಂಟರ್‌ನ್ಯಾಷನಲ್ ಸಂಸ್ಥೆ ಬೆಳೆದದ್ದು ಹಾಗೆ. ಈ ಮಕ್ಕಳು ಕಿವಿಯಲ್ಲಿ ಕೇಳಿದ್ದಕ್ಕಿಂತ ಕಣ್ಣಲ್ಲಿ ಕಂಡದ್ದನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತಾರೆ ಅನ್ನುವುದು ಅದರ ತಿರುಳು.

ಇದಕ್ಕೆ ಏನೂ ಖರ್ಚಿಲ್ಲ. ನಾನು ಸೀರೆ ಡಬ್ಬಿಯ ರಟ್ಟು ಕತ್ತರಿಸಿ ದಪ್ಪ ಸ್ಕೆಚ್ ಪೆನ್ನಿನಲ್ಲಿ ನಾಲ್ಕು ಪದ ಬರೆದೆ: ಅವ್ವ, ಹಾಲು, ರೊಟ್ಟಿ, ಕಾಕಾ. ಪದ ಅವಳ ಮುಂದೆ, ಆ ವಸ್ತು ಅದರ ಪಕ್ಕ. ರೊಟ್ಟಿ ಬಡಿಯುವ ಹೊತ್ತಿಗೆ ಅತ್ತಿಗೆ ಪಕ್ಕದಲ್ಲಿ ಆ ರಟ್ಟು ಇಟ್ಟು ತೋರಿಸುತ್ತಿದ್ದರು, ರಟ್ಟಿಗೆಲ್ಲ ಜೋಳದ ಹಿಟ್ಟು. ಮೂರು ವಾರ ಏನೂ ಆಗಲಿಲ್ಲ. ಒಂದು ದಿನ ಸಂಜೆ ಪುಟ್ಟಿ ರಟ್ಟುಗಳ ಗುಂಪಿನಿಂದ 'ರೊಟ್ಟಿ' ಎತ್ತಿಕೊಂಡು ಒಲೆಯ ಹತ್ತಿರ ಹೋಗಿ ಅತ್ತಿಗೆಯ ಕೈಗೆ ಕೊಟ್ಟು ಬಾಯಿ ತೋರಿಸಿದಳು. ಹಸಿವಾಗಿತ್ತು.

ನಮ್ಮ ಶಾಲೆಗಳಲ್ಲಿ ಅ ಆ ಇ ಈ ಮುಗಿದು, ಕಾಗುಣಿತ ಮುಗಿದು, ಒತ್ತಕ್ಷರ ಬರುವ ತನಕ 'ರೊಟ್ಟಿ' ಅನ್ನುವ ಪದ ಕೊಡುವುದೇ ಇಲ್ಲ. ಪುಟ್ಟಿಗೆ ಒತ್ತಕ್ಷರ ಅಂದರೇನು ಅಂತ ಈಗಲೂ ಪೂರಾ ಗೊತ್ತಿಲ್ಲ. ಆದರೆ ಆ ಪದ ಅವಳಿಗೆ ಒಂದು ಚಿತ್ರದ ಹಾಗೆ ಸಿಕ್ಕಿತು. ಅಕ್ಷರ ಆಮೇಲೆ ಬಂತು, ಪದಗಳನ್ನು ಒಡೆದು ನೋಡುತ್ತಾ ಬಂತು. ಅವಳು ಮೊದಲ ಸಲ ಸ್ಪಷ್ಟವಾಗಿ "ಕಾಕಾ" ಅಂದದ್ದೂ ಆ ರಟ್ಟು ಕೈಯಲ್ಲಿ ಹಿಡಿದೇ. ಮಾತು, ಕಿವಿಯ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿನ ತಜ್ಞರು ಕನ್ನಡದಲ್ಲೇ ಹೇಳಿಕೊಡುತ್ತಾರೆ. ಬಳ್ಳಾರಿ, ಕೊಪ್ಪಳದವರಿಗೆ ದಾವಣಗೆರೆಯಲ್ಲಿರುವ ಕೇಂದ್ರ ಸರ್ಕಾರದ ಪುನರ್ವಸತಿ ಕೇಂದ್ರ ಬೆಂಗಳೂರಿಗಿಂತ ಹತ್ತಿರ.

ಹಕ್ಕಿನ ವಿಷಯ ಸ್ವಲ್ಪ ಬೇರೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ 2006ರದು, ಭಾರತ 2007ರಲ್ಲಿ ಒಪ್ಪಿತು, ಅದಕ್ಕೆ ತಕ್ಕಂತೆ 2016ರಲ್ಲಿ ನಮ್ಮದೇ ಕಾನೂನು ಬಂತು. ಅಂದರೆ ಹಕ್ಕುಗಳು ನಮ್ಮ ಮನೆಗೆ ಬರುವುದು ಹೊರದೇಶದ ಕೈಪಿಡಿಯಿಂದಲ್ಲ, ಪಂಚಾಯಿತಿಯಿಂದ. ಈ ಕಾನೂನಿನಲ್ಲಿ 21 ಬಗೆಯ ಅಂಗವೈಕಲ್ಯ ಹೇಳಿದ್ದಾರೆ. ಡೌನ್ ಸಿಂಡ್ರೋಮ್ ಅಂತ ಬೇರೆ ಹೆಸರಿಲ್ಲ, ಬೌದ್ಧಿಕ ಅಂಗವೈಕಲ್ಯದ ಒಳಗೆ ಬರುತ್ತದೆ. ಫಾರಂ ತುಂಬುವಾಗ ಇದು ಗೊತ್ತಿರಲೇಬೇಕು. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂತ ಸರ್ಟಿಫಿಕೇಟ್ ಇದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ತಾವು ಬಯಸಿದ ವಿಶೇಷ ಶಾಲೆಯಲ್ಲಿ ಪುಕ್ಕಟೆ ಓದುವ ಹಕ್ಕು ಇದೆ. ಸೇರಿಸಿಕೊಳ್ಳುವುದಿಲ್ಲ ಅನ್ನುವ ಅಧಿಕಾರ ಸರ್ಕಾರಿ ಶಾಲೆಗಿಲ್ಲ. ನಮ್ಮಲ್ಲಿ ಗ್ರಾಮ ಪಂಚಾಯಿತಿಗೆ ಒಬ್ಬ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕಿಗೆ ಒಬ್ಬ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ, ಅವರೂ ಹೆಚ್ಚಾಗಿ ಅಂಗವಿಕಲರೇ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು, ಮಾಸಾಶನದ ಅರ್ಜಿ, ಬಸ್ ಪಾಸ್ ಎಲ್ಲದಕ್ಕೂ ಮೊದಲು ಹಿಡಿಯಬೇಕಾದವರು ಇವರೇ.

ಒಂದು ನೋವು ಹೇಳಲೇಬೇಕು. ಕ್ರೋಮೋಸೋಮ್ ವರದಿ ಕೈಯಲ್ಲಿದ್ದರೂ ಚಿಕ್ಕ ಮಕ್ಕಳಿಗೆ ತಾತ್ಕಾಲಿಕ ಸರ್ಟಿಫಿಕೇಟ್ ಕೊಡುತ್ತಾರೆ, ಆಮೇಲೆ ಮತ್ತೆ ನವೀಕರಣ. ಕೂಲಿಗೆ ಹೋಗುವ ತಾಯಿ ಒಂದು ದಿನದ ಕೂಲಿ ಬಿಟ್ಟು, ಮಗುವನ್ನು ಸೊಂಟದ ಮೇಲೆ ಹೊತ್ತು ಜಿಲ್ಲಾ ಕೇಂದ್ರಕ್ಕೆ ಹೋದರೆ "ಇವತ್ತು ಸೈಕಾಲಜಿಸ್ಟ್ ಬಂದಿಲ್ಲ" ಅಂತ ವಾಪಸ್ ಕಳಿಸುತ್ತಾರೆ. ನಾವೂ ಎರಡು ಸಲ ಹಾಗೆ ಬಂದಿದ್ದೇವೆ. ಬೌದ್ಧಿಕ ಮಟ್ಟ ಬದಲಾಗಬಹುದು, ಸರಿ. ಆದರೆ ಹೆಚ್ಚಿಗೆ ಇರುವ ಆ 21ನೆಯ ಕ್ರೋಮೋಸೋಮ್ ಎಲ್ಲಿಗೂ ಹೋಗುವುದಿಲ್ಲ ಅಲ್ವಾ?

ಬೌದ್ಧಿಕ ಅಂಗವೈಕಲ್ಯ ಮುಂತಾದವು ಇರುವವರಿಗಾಗಿ ಮಾಡಿದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯನ್ನೂ ನೆನಪಿಡಿ. ಅದರ ಕೆಳಗೆ ನಿರಾಮಯ ಎಂಬ ಆರೋಗ್ಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಹದಿನೆಂಟು ತುಂಬಿದ ಮೇಲೆ ಕಾನೂನು ಪ್ರಕಾರ ಪೋಷಕರು ಯಾರು ಅಂತ ತೀರ್ಮಾನ ಮಾಡುವ ಸಮಿತಿಯೂ ಇದೇ ಕಾಯ್ದೆಯದು, ಅದಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಹೊಲ, ಮನೆ ಮಗುವಿನ ಹೆಸರಿಗೆ ಬರೆಯುವ ಯೋಚನೆ ಇರುವವರು ಇದನ್ನು ಮೊದಲೇ ತಿಳಿದಿಟ್ಟುಕೊಳ್ಳಬೇಕು.

ಇನ್ನು ಇಲ್ಲಿಗೆ ಬಂದು ಕೂಡದೇ ಇರುವುದು. "ನಿಮ್ಮ ಸ್ಪೀಚ್ ಥೆರಪಿಸ್ಟ್ ಜೊತೆ ಮಾತಾಡಿ" ಅಂತ ಕೈಪಿಡಿಯ ಪ್ರತಿ ಎರಡನೇ ಪುಟದಲ್ಲಿ ಇರುತ್ತದೆ. ನಮ್ಮ ತಾಲ್ಲೂಕಿನಲ್ಲಿ ಆ ಮನುಷ್ಯರೇ ಇಲ್ಲದಿದ್ದರೆ ಆ ಸಾಲು ಓದಿ ಏನು ಮಾಡುವುದು? ಸಾಧಕರ ಕಥೆಗಳೂ ಅಷ್ಟೇ. 2020ರಲ್ಲಿ ಅಮೆರಿಕದ ಕ್ರಿಸ್ ನಿಕಿಕ್ ಈಜು, ಸೈಕಲ್, ಓಟ ಮೂರೂ ಸೇರಿದ ಐರನ್‌ಮ್ಯಾನ್ ಸ್ಪರ್ಧೆ ಮುಗಿಸಿದ ಡೌನ್ ಸಿಂಡ್ರೋಮ್ ಇರುವ ಮೊದಲ ವ್ಯಕ್ತಿಯಾದರು. ಸ್ಪೇನಿನ ಪಾಬ್ಲೊ ಪಿನೇಡಾ ವಿಶ್ವವಿದ್ಯಾಲಯದ ಪದವಿ ಪಡೆದರು. ನನಗೆ ಅವರ ಬಗ್ಗೆ ಬಹಳ ಗೌರವ. ಆದರೆ ಇಂಥ ವಿಡಿಯೊ ನೋಡಿದ ಒಬ್ಬ ತಾಯಿ ನನ್ನ ಹತ್ತಿರ "ನಮ್ಮ ಹುಡುಗ ಇನ್ನೂ ಲಂಗೋಟಿ ಬಿಟ್ಟಿಲ್ರಿ, ನಾನೇ ಎಲ್ಲೋ ತಪ್ಪೀನೇನೋ" ಅಂತ ಅತ್ತರು. ಆ ತಾಯಿಗೆ ಬೇಕಾಗಿದ್ದು ನಿಕಿಕ್ ಅಲ್ಲ. ಹನ್ನೆರಡು ವರ್ಷದ ಮಗ ಇರುವ, ಪಕ್ಕದ ಊರಿನ ಇನ್ನೊಬ್ಬ ತಾಯಿ, "ನಮ್ಮವ್ನೂ ಆರು ವರ್ಷಕ್ಕ ಬಿಟ್ಟ, ಹೆದರಬ್ಯಾಡ್ರಿ" ಅನ್ನುವವರು.

ಈ ಸಂಸ್ಥೆಗಳೆಲ್ಲ ಶುರುವಾಗಿದ್ದೂ ಹಾಗೇ. ಬ್ರಿಟನ್ನಿನ ಸಂಘವನ್ನು 1970ರಲ್ಲಿ ಕಟ್ಟಿದ ರೆಕ್ಸ್ ಬ್ರಿಂಕ್‌ವರ್ತ್ ಒಬ್ಬ ಶಿಕ್ಷಕ, ಡೌನ್ ಸಿಂಡ್ರೋಮ್ ಇದ್ದ ಮಗಳ ತಂದೆ. ಅಮೆರಿಕದ ರಾಷ್ಟ್ರೀಯ ಸಂಘ 1979ರಲ್ಲಿ ಶುರುವಾದದ್ದೂ ಒಬ್ಬ ತಾಯಿಯಿಂದ. ಚೆನ್ನೈನಲ್ಲಿ ಡೌನ್ ಸಿಂಡ್ರೋಮ್ ಫೆಡರೇಷನ್ ಆಫ್ ಇಂಡಿಯಾ ಕಟ್ಟಿದ ಸುರೇಖಾ ರಾಮಚಂದ್ರನ್ ಕೂಡ ತಾಯಿಯೇ, 2015ರಲ್ಲಿ ವಿಶ್ವ ಡೌನ್ ಸಿಂಡ್ರೋಮ್ ಸಮ್ಮೇಳನ ಚೆನ್ನೈಗೇ ಬಂತು. ಎಲ್ಲ ಕಡೆ ಮೊದಲು ನಾಲ್ಕು ಮನೆಯವರು ಒಂದು ಕೋಣೆಯಲ್ಲಿ ಕೂತರು, ಕೈಪಿಡಿ ಆಮೇಲೆ ಬಂತು. ನಾವು ಮಾತ್ರ ಕೈಪಿಡಿ ಇಟ್ಟುಕೊಂಡು ಒಬ್ಬೊಬ್ಬರೇ ಕೂತಿದ್ದೇವೆ. ಈ ಕೂಡುವಿಕೆಯನ್ನು ಯಾವ ದೇಶದಿಂದಲೂ ತರಿಸಿಕೊಳ್ಳಲು ಬರುವುದಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಯಲ್ಲಿ ತಾಲ್ಲೂಕಿಗೊಂದು ಗುಂಪು ಬೇಕು. ಅದಕ್ಕೆ ಕಟ್ಟಡ ಬೇಡ, ಅಮಾವಾಸ್ಯೆಯ ದಿನ ಯಾರದಾದರೂ ಮನೆಯ ಪಡಸಾಲೆ ಸಾಕು.

ಸಿಂಧನೂರಿನಲ್ಲಿ ನಾವು ಈಗ ಏಳು ಮನೆಯವರು ಸೇರುತ್ತೇವೆ. ಮಕ್ಕಳು ಒಂದು ಕಡೆ ಆಡುತ್ತವೆ, ಮಂಡಕ್ಕಿ ಮಿರ್ಚಿ ಇರುತ್ತದೆ. ಈಗ ಅವ್ವ ಎಲ್ಲರಿಗಿಂತ ಮುಂಚೆ ಬಂದು ಕೂರುತ್ತಾಳೆ, ಹೊಸದಾಗಿ ಬಂದ ಸೊಸೆಯಂದಿರ ಕೈ ಹಿಡಿದುಕೊಂಡು "ನಿಂದೇನೂ ತಪ್ಪಿಲ್ಲವ್ವ ತಂಗಿ" ಅನ್ನುತ್ತಾಳೆ. ಹೋದ ವಾರ ಕುಷ್ಟಗಿ ಕಡೆಯ ಒಬ್ಬ ತಂದೆ ಫೋನ್ ಮಾಡಿದರು, ನಮ್ಮ ಗುಂಪಿನವರೊಬ್ಬರು ನಂಬರ್ ಕೊಟ್ಟಿದ್ದರಂತೆ. ಎರಡು ತಿಂಗಳ ಹೆಣ್ಣುಕೂಸು. ಡಾಕ್ಟರು ಸ್ಲೋ ಅಂದಿದ್ದಾರೆ, ಮುಂದೇನು ಅಂತ ತಿಳಿಯದು ಅಂದರು. ಹಾಲು ಕುಡಿಯುವಾಗ ಹಣೆ ಬೆವರುತ್ತದಾ ಅಂತ ಕೇಳಿದೆ, ಹೃದಯದ ತೊಂದರೆಗೆ ಅದೂ ಒಂದು ಸೂಚನೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದ್ರಿ, ನಿಮಗ ಹೆಂಗ್ ಗೊತ್ತಾತು?" ಅಂದರು. ಬುಧವಾರ ಆರ್‌ಬಿಎಸ್‌ಕೆ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡರು, ಶುಕ್ರವಾರ ಎಕೋ ಇದೆ. ಅತ್ತಿಗೆಯೂ ಜೊತೆಗೆ ಹೋಗುತ್ತಾರೆ.